ಸಾಲ ತೀರುವುದು ಯಾವಾಗ?

ಮನುಷ್ಯನ ಮೇಲಿರುವ ಹಕ್ಕುಗಳು ಎರಡು ಬಗೆಯವು. ಒಂದು ಅಲ್ಲಾಹನ ಹಕ್ಕು, ಇನ್ನೊಂದು ಅವನ ದಾಸರ ಹಕ್ಕು. ಅಲ್ಲಾಹನ ಹಕ್ಕಿನಲ್ಲಿ ಲೋಪವೆಸಗಿದವನು ನಿಜ ಮನಸ್ಸಿನಿಂದ ಪಶ್ಚಾತ್ತಾಪಪಟ್ಟು ಮರಳಿದರೆ ಆ ಕರುಣಾಮಯನು ಕ್ಷಮಿಸುವನು. ದಾಸರ ಹಕ್ಕಿನ ವಿಷಯ ಹಾಗಲ್ಲ. ಹಕ್ಕುದಾರನಿಗೆ ಅವನ ಹಕ್ಕು ತಲುಪಬೇಕು, ಇಲ್ಲವೇ ಅವನೇ ಬಿಟ್ಟುಕೊಡಬೇಕು. ಅಲ್ಲಾಹನ ಮಾರ್ಗದಲ್ಲಿ ಹುತಾತ್ಮನಾದವನ ಪಾಪಗಳೆಲ್ಲ ಕ್ಷಮಿಸಲ್ಪಡುವುವು, ಆದರೆ ಸಾಲ ಮಾತ್ರ ಉಳಿಯುವುದೆಂದು ಪ್ರವಾದಿವರ್ಯರು(ಸ) ತಿಳಿಸಿರುವುದನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿರುವರು. ಪ್ರಾಣವನ್ನೇ ಕೊಟ್ಟವನ ಗತಿ ಹೀಗಿರುವಾಗ ನಮ್ಮಂತಹವರು ಸಾಲವನ್ನು ಹಗುರವಾಗಿ ಕಾಣುವುದು ಹೇಗೆ?

ಪ್ರಿಯ ಸಹೋದರ ಸಹೋದರಿಯರೇ, ನಮ್ಮಲ್ಲಿ ಹೆಚ್ಚಿನವರು ಸಾಲವನ್ನು ಮುಳುಗಿಸಬೇಕೆಂದು ಬಯಸುವವರಲ್ಲ. ತೀರಿಸಬೇಕೆಂಬ ಉದ್ದೇಶವೂ ಇರುತ್ತದೆ, ಹಣವನ್ನೂ ತೆಗೆದಿಟ್ಟಿರುತ್ತಾರೆ. ಆದರೂ ಸಾಲ ತೀರಿರುವುದಿಲ್ಲ. ಏಕೆಂದರೆ ಹಣವು ಸಾಲ ಕೊಟ್ಟವನ ಕೈ ಸೇರುವ ಬದಲು ಮಧ್ಯದಲ್ಲಿರುವ ಒಬ್ಬನ ಕೈಯಲ್ಲಿ ನಿಂತುಬಿಟ್ಟಿರುತ್ತದೆ. ವಿಚ್ಛೇದನದ ನಂತರ ಮನೆ ಮಾರಿ ಸಾಲ ತೀರಿಸುವ ಸಂದರ್ಭದಲ್ಲಿ ಈ ಆಪತ್ತು ವಿಶೇಷವಾಗಿ ಕಾಣಿಸಿಕೊಳ್ಳುತ್ತದೆ. ನಮ್ಮ ನಾಡಿನಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿರುವ ಕುಟುಂಬಗಳೂ ಇದರಿಂದ ಹೊರತಲ್ಲ. ಆದುದರಿಂದ ಅಲ್ಲಿಯ ಕ್ರಮವನ್ನೇ ಉದಾಹರಣೆಯಾಗಿಟ್ಟುಕೊಂಡು ಇಸ್ಲಾಮ್ ಈ ವಿಷಯದಲ್ಲಿ ಏನು ಹೇಳುತ್ತದೆಂದು ನೋಡೋಣ.

ಮನೆ ಮಾರಿದ ಹಣದ ದಾರಿ

ಇಂಗ್ಲೆಂಡಿನಲ್ಲಿ ಆಸ್ತಿಯ ಕ್ರಯ ವಿಕ್ರಯವನ್ನು ಸಾಮಾನ್ಯವಾಗಿ ಸಾಲಿಸಿಟರ್ ಎಂಬ ವಕೀಲರು ನಡೆಸಿಕೊಡುತ್ತಾರೆ. ದಂಪತಿಗಳು ಬೇರ್ಪಟ್ಟು ಮನೆಯನ್ನು ಮಾರಲು ಒಪ್ಪಿದರೆ, ಹಣವನ್ನು ಹೇಗೆ ಹಂಚಬೇಕು, ಅದಕ್ಕೆ ಮೊದಲು ಯಾವ ಯಾವ ಸಾಲಗಳನ್ನು ತೀರಿಸಬೇಕು ಎಂಬುದನ್ನು ಬರೆದು ನ್ಯಾಯಾಲಯದ ಮುದ್ರೆ ಹಾಕಿಸುತ್ತಾರೆ. ಖರೀದಿದಾರನ ಹಣವು ದಂಪತಿಗಳ ಕೈಗೆ ಬರುವುದಿಲ್ಲ. ಅದು ಸಾಲಿಸಿಟರ್‌ನ ಕಚೇರಿಯಲ್ಲಿರುವ ಕಕ್ಷಿದಾರರ ಖಾತೆಗೆ ಬರುತ್ತದೆ.

ತಿಳಿಯುವುದಕ್ಕಾಗಿ ಒಂದು ಲೆಕ್ಕವನ್ನು ಊಹಿಸಿಕೊಳ್ಳಿ. ಮನೆಯು 2,60,000 ಪೌಂಡಿಗೆ ಮಾರಾಟವಾಯಿತು. ಅದರ ಮೇಲಿನ ಅಡಮಾನ ಸಾಲ 1,80,000. ದಲ್ಲಾಳಿ ಮತ್ತು ವಕೀಲರ ಶುಲ್ಕ 6,000. ಉಳಿದ 74,000ದಲ್ಲಿ ಇಬ್ಬರ ಜಂಟಿ ಹೆಸರಿನ ಬ್ಯಾಂಕ್ ಸಾಲ 14,000, ಮನೆ ಖರ್ಚಿಗಾಗಿ ಪತ್ನಿಯ ಹೆಸರಿನಲ್ಲಿ ಬೆಳೆದ ಕ್ರೆಡಿಟ್ ಕಾರ್ಡಿನ ಬಾಕಿ 9,000, ಪತ್ನಿಯ ಅಣ್ಣನಿಂದ ಪಡೆದ ಕೈಸಾಲ 5,000. ಇವೆಲ್ಲವನ್ನೂ ತೀರಿಸಿದರೆ ಉಳಿಯುವುದು 46,000. ಅದನ್ನು ತಲಾ 23,000ದಂತೆ ಹಂಚಬೇಕು. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ.

ಇನ್ನು ನಡೆಯುವುದನ್ನು ನೋಡಿ. ಅಡಮಾನ ಸಾಲವು ಕೂಡಲೇ ಸಂದಾಯವಾಗುತ್ತದೆ. ಏಕೆಂದರೆ ಅದು ತೀರದೆ ಖರೀದಿದಾರನಿಗೆ ಋಣಮುಕ್ತವಾದ ಮನೆ ಸಿಗದು. ಅದನ್ನು ತೀರಿಸುವೆನೆಂದು ಮಾರುವವರ ಸಾಲಿಸಿಟರ್ ಖರೀದಿದಾರನ ಸಾಲಿಸಿಟರ್‌ಗೆ ವಚನ ಕೊಟ್ಟಿರುತ್ತಾನೆ. ಆ ವಚನವನ್ನು ಮುರಿದರೆ ಅವನ ವೃತ್ತಿಗೇ ಕುತ್ತು. ದಲ್ಲಾಳಿಯ ಹಣವೂ ಸಂದಾಯವಾಗುತ್ತದೆ. ವಕೀಲನ ಶುಲ್ಕವಂತೂ ಕಡಿತವಾಗಿಯೇ ಬಿಡುತ್ತದೆ. ಉಳಿದ ಮೂರು ಸಾಲಗಳಿಗೆ ಕಾವಲುಗಾರರು ಯಾರೂ ಇಲ್ಲ. ಕಡತವು ಒಬ್ಬ ಗುಮಾಸ್ತನಿಂದ ಇನ್ನೊಬ್ಬನ ಮೇಜಿಗೆ ಹೋಗುತ್ತದೆ. ಬ್ಯಾಂಕಿನಿಂದ ಹೊಸ ಲೆಕ್ಕ ಬರಬೇಕೆಂದು ಒಂದು ತಿಂಗಳು, ಎದುರು ಪಕ್ಷದ ಪತ್ರ ಬಂದಿಲ್ಲವೆಂದು ಇನ್ನೊಂದು ತಿಂಗಳು. ಕೆಲವೊಮ್ಮೆ ಸಾಲಗಳನ್ನು ಮರೆತು 74,000ವನ್ನೇ ಇಬ್ಬರಿಗೂ ಹಂಚಿಬಿಡುವುದೂ ಉಂಟು.

ಇತ್ತ ಆ ಸಹೋದರಿಯು ಸಾಲ ತೀರಿತೆಂಬ ನಂಬಿಕೆಯಿಂದ ಬಾಡಿಗೆ ಮನೆಯಲ್ಲಿ ಮಕ್ಕಳೊಂದಿಗೆ ಹೊಸ ಬದುಕನ್ನು ಆರಂಭಿಸಿರುತ್ತಾಳೆ. ಒಂದು ದಿನ ಬ್ಯಾಂಕಿನ ನೋಟೀಸು ಬರುತ್ತದೆ. ವಿಚ್ಛೇದನದ ಆದೇಶವು ದಂಪತಿಗಳಿಬ್ಬರನ್ನು ಕಟ್ಟಿಹಾಕುತ್ತದೆಯೇ ಹೊರತು ಬ್ಯಾಂಕನ್ನಲ್ಲ. ಜಂಟಿ ಸಾಲದಲ್ಲಿ ಇಬ್ಬರಲ್ಲಿ ಯಾರಿಂದಲಾದರೂ ಪೂರ್ಣ ಮೊತ್ತವನ್ನು ವಸೂಲು ಮಾಡುವ ಅಧಿಕಾರ ಬ್ಯಾಂಕಿಗಿದೆ. ಬಾಕಿಯ ಬಗ್ಗೆ ಅಲ್ಲಿಯ ಕೌಂಟಿ ನ್ಯಾಯಾಲಯದಲ್ಲಿ ತೀರ್ಪಾಗಿ, ಒಂದು ತಿಂಗಳೊಳಗೆ ಪೂರ್ಣ ಹಣ ಕಟ್ಟದಿದ್ದರೆ, ಅದು 6 ವರ್ಷ ದಾಖಲೆಯಲ್ಲಿ ಉಳಿಯುತ್ತದೆ. ಅಷ್ಟು ಕಾಲ ಬಾಡಿಗೆಗೆ ಮನೆ ಹುಡುಕುವುದೂ ಕಷ್ಟ, ಇನ್ನೊಂದು ಸಾಲ ದೊರೆಯುವುದೂ ಕಷ್ಟ. ತಾನು ಮಾಡದ ತಪ್ಪಿಗೆ ಆಕೆಯ ಹೆಸರು ಕೆಡುತ್ತದೆ. ಅತ್ತ ಅಣ್ಣನಾದವನು ತಂಗಿಯು ಹಣ ಕೈಗೆ ಬಂದ ಮೇಲೂ ತನ್ನನ್ನು ಮರೆತಳೆಂದು ನೊಂದುಕೊಳ್ಳುತ್ತಾನೆ. ಒಂದು ಕಡತದ ಆಲಸ್ಯದಿಂದ ರಕ್ತಸಂಬಂಧವೇ ಹಳಸುತ್ತದೆ.

ಎರಡು ದೀನಾರ್‌ಗಳ ಪಾಠ

ಪ್ರವಾದಿವರ್ಯರ(ಸ) ಕಾಲದಲ್ಲಿ ನಡೆದ ಒಂದು ಘಟನೆಯನ್ನು ಹ. ಜಾಬಿರ್(ರ) ವರದಿ ಮಾಡಿರುವುದು ಮುಸ್ನದ್ ಅಹ್ಮದ್‌ನಲ್ಲಿದೆ. ಒಬ್ಬರು ಮರಣ ಹೊಂದಿದರು. ಜನಾಝಾ ನಮಾಝ್‌ಗಾಗಿ ಪ್ರವಾದಿವರ್ಯರನ್ನು(ಸ) ಕರೆಯಲಾಯಿತು. ಮೃತರ ಮೇಲೆ ಸಾಲವಿದೆಯೇ ಎಂದು ಅವರು ವಿಚಾರಿಸಿದರು. ಎರಡು ದೀನಾರ್ ಇದೆಯೆಂದು ತಿಳಿದಾಗ ನಮಾಝ್ ಮಾಡಿಸದೆ ಹಿಂದಿರುಗಿದರು. ಆಗ ಹ. ಅಬೂ ಖತಾದಃ(ರ) ಆ ಎರಡು ದೀನಾರ್‌ಗಳನ್ನು ತಾನು ವಹಿಸಿಕೊಂಡೆನೆಂದರು. ಸಾಲ ಕೊಟ್ಟವನ ಹಕ್ಕು ಇನ್ನು ನಿಮ್ಮ ಮೇಲಿದೆ, ಮೃತನು ಅದರಿಂದ ಮುಕ್ತನಾದನು, ಹೌದೇ ಎಂದು ಪ್ರವಾದಿವರ್ಯರು(ಸ) ಖಚಿತಪಡಿಸಿಕೊಂಡ ನಂತರವೇ ನಮಾಝ್ ನಿರ್ವಹಿಸಿದರು.

ಹೆಚ್ಚಿನವರು ಈ ಘಟನೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಮಗೆ ಬೇಕಾದ ಪಾಠ ಇದರ ಮುಂದಿನ ಭಾಗದಲ್ಲಿದೆ. ಒಂದು ದಿನ ಕಳೆದ ಮೇಲೆ ಪ್ರವಾದಿವರ್ಯರು(ಸ) ಆ ಎರಡು ದೀನಾರ್‌ಗಳ ವಿಷಯ ಏನಾಯಿತೆಂದು ಅಬೂ ಖತಾದಃರನ್ನು(ರ) ಕೇಳಿದರು. ಆತ ನಿನ್ನೆಯಷ್ಟೇ ತೀರಿಕೊಂಡನಲ್ಲವೇ ಎಂದು ಅವರು ಉತ್ತರಿಸಿದರು. ಮರುದಿನ ಮತ್ತೆ ಅದೇ ಪ್ರಶ್ನೆ ಬಂತು. ಅದನ್ನು ಸಂದಾಯ ಮಾಡಿಯಾಯಿತೆಂದು ಅಬೂ ಖತಾದಃ(ರ) ಹೇಳಿದಾಗ, ಈಗ ಆ ಮೃತನ ಚರ್ಮ ತಂಪಾಯಿತೆಂದು ಪ್ರವಾದಿವರ್ಯರು(ಸ) ನುಡಿದರು.

ಯೋಚಿಸಿ ನೋಡಿ. ವಹಿಸಿಕೊಂಡವರು ಯಾರೋ ದಾರಿಹೋಕರಲ್ಲ, ಶ್ರೇಷ್ಠ ಸಹಾಬಿ. ಮಾತು ಕೊಟ್ಟದ್ದು ಪ್ರವಾದಿವರ್ಯರ(ಸ) ಮುಂದೆ, ಜನರೆಲ್ಲ ಸಾಕ್ಷಿಯಾಗಿರುವಾಗ. ಆದರೂ ಮಾತು ಕೊಟ್ಟಾಗ ತಂಪಾಗದ ಚರ್ಮವು ಹಣ ಮುಟ್ಟಿದಾಗ ತಂಪಾಯಿತು. ಹೊಣೆ ಹೊತ್ತುಕೊಳ್ಳುವುದು ಒಂದು, ಹೊಣೆ ತೀರಿಸುವುದು ಇನ್ನೊಂದು. ಹೊತ್ತವನು ಎಷ್ಟೇ ನಂಬಿಗಸ್ತನಾಗಿದ್ದರೂ ಅವನನ್ನು ಮರುದಿನ ಕೇಳುವುದು ಅಪನಂಬಿಕೆಯಲ್ಲ, ಸುನ್ನತ್ ಆಗಿದೆ. ವಕೀಲರನ್ನು ಮತ್ತೆ ಮತ್ತೆ ಕೇಳಿದರೆ ಅವರಿಗೆ ಬೇಸರವಾದೀತೆಂದು ಮೌನವಾಗಿರುವ ನಮ್ಮ ಸಹೋದರಿಯರು ಇದನ್ನು ನೆನಪಿಡಬೇಕು.

ಇಮಾಮ್ ಬುಖಾರಿ ವರದಿ ಮಾಡಿರುವ, ಬನೀ ಇಸ್ರಾಈಲರ ಕಾಲದ ಒಬ್ಬನ ಕಥೆಯೂ ಇದನ್ನೇ ಹೇಳುತ್ತದೆ. ಅವನು ಅಲ್ಲಾಹನನ್ನೇ ಸಾಕ್ಷಿಯಾಗಿಯೂ ಜಾಮೀನಾಗಿಯೂ ಮಾಡಿ ಸಾವಿರ ದೀನಾರ್ ಸಾಲ ಪಡೆದು ಸಮುದ್ರ ದಾಟಿ ಹೋಗಿದ್ದ. ಅವಧಿ ಮುಗಿಯುವಾಗ ಹಿಂದಿರುಗಲು ಹಡಗು ಸಿಗಲಿಲ್ಲ. ಒಂದು ಮರದ ದಿಮ್ಮಿಯನ್ನು ಕೊರೆದು, ಸಾವಿರ ದೀನಾರನ್ನೂ ಒಂದು ಪತ್ರವನ್ನೂ ಅದರೊಳಗಿಟ್ಟು ಮುಚ್ಚಿ, ಅಲ್ಲಾಹನಿಗೆ ವಹಿಸಿ ಸಮುದ್ರಕ್ಕೆ ಬಿಟ್ಟ. ಅಷ್ಟಕ್ಕೇ ಅವನು ಸುಮ್ಮನಾಗಲಿಲ್ಲ. ಹಡಗು ಹುಡುಕುತ್ತಲೇ ಇದ್ದು, ಸಿಕ್ಕಿದಾಗ ಮತ್ತೆ ಸಾವಿರ ದೀನಾರ್‌ಗಳೊಂದಿಗೆ ಸಾಲ ಕೊಟ್ಟವನ ಮನೆಗೆ ಹೋದ. ದಿಮ್ಮಿಯಲ್ಲಿದ್ದ ಹಣ ತನಗೆ ತಲುಪಿದೆಯೆಂದು ಆತನೇ ಹೇಳಿದ ಮೇಲೆ ಸಮಾಧಾನದಿಂದ ಹಿಂದಿರುಗಿದ. ಕಳುಹಿಸಿದ್ದೇನೆ ಎಂಬುದು ಅವನ ಪಾಲಿಗೆ ಉತ್ತರವಾಗಿರಲಿಲ್ಲ. ತಲುಪಿದೆ ಎಂಬುದೇ ಉತ್ತರ.

ವಕೀಲನ ಕೈ ಯಾರ ಕೈ?

ವಕೀಲ, ಜಾಮೀನು, ಬಾಕಿ, ವಸೂಲಿ, ಅಮಾನತು - ಇವೆಲ್ಲ ಅರಬಿಯಿಂದ ಬಂದು ಕನ್ನಡದ್ದೇ ಆಗಿಬಿಟ್ಟಿರುವ ಪದಗಳು. ಅಮಾನತು ಎಂದೊಡನೆ ಇಂದು ನಮಗೆ ಕೆಲಸದಿಂದ ಅಮಾನತುಗೊಂಡ ನೌಕರನ ನೆನಪಾಗುತ್ತದೆ. ಮೂಲದಲ್ಲಿ ಅದು ನಂಬಿ ಒಪ್ಪಿಸಿದ ವಸ್ತುವಿಗೆ ಹೇಳುವ ಮಾತು. ವಕೀಲ ಎಂದರೆ ಇನ್ನೊಬ್ಬನ ಕೆಲಸವನ್ನು ಅವನ ಪರವಾಗಿ ವಹಿಸಿಕೊಂಡವನು. ನ್ಯಾಯಾಲಯಕ್ಕೆ ಹೋಗುವವನು ಮಾತ್ರವಲ್ಲ, ನಿಮ್ಮ ಹಣವನ್ನು ಅಂಗಡಿಗೆ ಕಟ್ಟಲು ಒಯ್ಯುವ ಹುಡುಗನೂ ಆ ಹೊತ್ತಿಗೆ ನಿಮ್ಮ ವಕೀಲನೇ.

ಫಿಕ್ಹ್ ಪಂಡಿತರ ಒಂದು ನಿಯಮವಿದೆ: ವಕೀಲನ ಕೈಯು ಅವನನ್ನು ನೇಮಿಸಿದವನ ಕೈಗೆ ಸಮಾನ. ಇದರಿಂದ ಎರಡು ವಿಷಯಗಳು ಹೊರಡುತ್ತವೆ. ಒಂದು, ವಕೀಲನ ಬಳಿಯಿರುವ ಹಣ ಇನ್ನೂ ನಿಮ್ಮದೇ. ಅದು ಸಾಲ ಕೊಟ್ಟವನಿಗೆ ತಲುಪುವ ತನಕ ನಿಮ್ಮ ಸಾಲ ತೀರಿಲ್ಲ. ವಕೀಲರಿಗೆ ಕೊಟ್ಟಾಗಿದೆ, ಇನ್ನು ನನಗೇನು ಎಂದು ಹೇಳುವವನಿಗೆ ಈ ನಿಯಮದಲ್ಲಿ ಆಸರೆಯಿಲ್ಲ. ಎರಡು, ವಕೀಲನು ಆ ಹಣದ ಒಡೆಯನಲ್ಲ, ಅಮೀನ್ ಮಾತ್ರ. ಅವನ ತಪ್ಪಿಲ್ಲದೆ ಹಣ ನಷ್ಟವಾದರೆ ಅವನು ಹೊಣೆಯಲ್ಲ. ಆದರೆ ಅವನು ನಿರ್ಲಕ್ಷ್ಯ ತೋರಿದರೆ ಅಥವಾ ಮಿತಿ ಮೀರಿದರೆ ಆ ನಷ್ಟವನ್ನು ಅವನೇ ತುಂಬಿಕೊಡಬೇಕು. ಇನ್ನೊಬ್ಬರ ಸಾಲವನ್ನು ತೀರಿಸಲು ನೇಮಕಗೊಂಡವನು ಸಾಕ್ಷಿಯಿಲ್ಲದೆ ಹಣ ಕೊಟ್ಟು, ಆಮೇಲೆ ಸಾಲ ಕೊಟ್ಟವನು ತನಗೆ ಬಂದೇ ಇಲ್ಲವೆಂದರೆ, ವಕೀಲನೇ ಹೊಣೆಗಾರನೆಂದು ಶಾಫಿಈ ಪಂಡಿತರು ಹೇಳಿರುವರು. ಇಂದಿನ ಮಾತಿನಲ್ಲಿ ಹೇಳುವುದಾದರೆ, ರಸೀದಿಯಿಲ್ಲದ ಪಾವತಿ ಪಾವತಿಯಲ್ಲ.

ಅಮಾನತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಅಲ್ಲಾಹನು ಸೂರಃ ಅನ್ನಿಸಾದ 58ನೇ ಸೂಕ್ತದಲ್ಲಿ ಆಜ್ಞಾಪಿಸಿರುವನು. ಕಾಪಾಡಬೇಕು ಎಂದಷ್ಟೇ ಅಲ್ಲ, ತಲುಪಿಸಬೇಕು ಎಂದು. ಹಿಜ್ರತ್‌ನ ರಾತ್ರಿಯನ್ನು ನೆನೆಯಿರಿ. ಮಕ್ಕಾದ ಜನರು ಪ್ರವಾದಿವರ್ಯರನ್ನು(ಸ) ಕೊಲ್ಲಲು ಹೊಂಚು ಹಾಕಿದ್ದರು. ಅದೇ ಜನರ ಅಮಾನತುಗಳು ಅವರ ಬಳಿಯಿದ್ದುವು. ಶತ್ರುಗಳ ಸೊತ್ತೆಂದು ಅವರು ಅದನ್ನು ಒಯ್ಯಲಿಲ್ಲ. ಪ್ರತಿಯೊಬ್ಬರಿಗೂ ಹಿಂದಿರುಗಿಸಲು ಹ. ಅಲೀಯವರನ್ನು(ರ) ಮಕ್ಕಾದಲ್ಲಿ ಬಿಟ್ಟು ಹೋದರು. ಅಲೀ(ರ) ಆ ಕೆಲಸ ಮುಗಿಸಿಯೇ ಮದೀನಾದ ದಾರಿ ಹಿಡಿದರು. ಪ್ರಾಣ ಭಯದ ರಾತ್ರಿಯಲ್ಲೂ ಮರೆಯದ ಅಮಾನತನ್ನು, ಶಾಂತಿಯಿಂದ ಕಚೇರಿಯಲ್ಲಿ ಕುಳಿತವನು ಮರೆತೆನೆಂದರೆ ಏನು ಹೇಳಬೇಕು?

ತನ್ನ ಶುಲ್ಕವನ್ನು ಮೊದಲ ದಿನವೇ ಪೂರ್ತಿಯಾಗಿ ಮುರಿದುಕೊಂಡು, ಕಕ್ಷಿದಾರಳ ಸಾಲವನ್ನು ತಿಂಗಳುಗಟ್ಟಲೆ ಮುಂದೂಡುವವನು ಸೂರಃ ಅಲ್ ಮುತಫ್ಫಿಫೀನ್‌ನ ಆರಂಭದ ಸೂಕ್ತಗಳನ್ನು ಓದಿಕೊಳ್ಳಲಿ. ತಾವು ಪಡೆಯುವಾಗ ಪೂರ್ಣವಾಗಿ ಅಳೆದುಕೊಂಡು, ಕೊಡುವಾಗ ಕಡಿಮೆ ಮಾಡುವವರಿಗೆ ಅಲ್ಲಿ ವಿನಾಶದ ಎಚ್ಚರಿಕೆಯಿದೆ. ಅಳತೆಯು ಧಾನ್ಯಕ್ಕೆ ಮಾತ್ರವಲ್ಲ, ಸಮಯಕ್ಕೂ ಶ್ರದ್ಧೆಗೂ ಇದೆ. ಬಡ್ಡಿಯ ಸಾಲಗಳ ಲೋಕದಲ್ಲಿ ವಿಳಂಬದ ಪ್ರತಿ ದಿನವೂ ಇನ್ನೊಬ್ಬರ ಬೆನ್ನಿನ ಮೇಲೆ ಭಾರವಾಗಿ ಬೀಳುತ್ತದೆ. ತೀರಿಸಲು ಶಕ್ತನಾದವನು ಮುಂದೂಡುವುದು ಅಕ್ರಮವೆಂದು ಪ್ರವಾದಿವರ್ಯರು(ಸ) ತಿಳಿಸಿರುವರು. ಇನ್ನೊಬ್ಬರ ಹಣ ಕೈಯಲ್ಲಿದ್ದೂ ಮುಂದೂಡುವವನ ಅಕ್ರಮ ಅದಕ್ಕಿಂತಲೂ ದೊಡ್ಡದಲ್ಲವೇ?

ಮೊದಲು ಸಾಲ, ನಂತರ ಪಾಲು

ಸೂರಃ ಅನ್ನಿಸಾದಲ್ಲಿ ಉತ್ತರಾಧಿಕಾರದ ಪಾಲುಗಳನ್ನು ವಿವರಿಸುವಾಗ ಅಲ್ಲಾಹನು ಸಾಲ ಮತ್ತು ವಸಿಯ್ಯತ್ ತೀರಿದ ನಂತರವೆಂದು ಮತ್ತೆ ಮತ್ತೆ ನೆನಪಿಸಿರುವನು. ಆ ಆದೇಶವಿರುವುದು ಮೃತರ ಸೊತ್ತಿನ ಕುರಿತು. ಆದರೆ ಸಾಲವಿರುವ ಸೊತ್ತನ್ನು ಹಂಚಿಕೊಳ್ಳುವ ಎಲ್ಲರಿಗೂ ಅದರಲ್ಲಿ ಪಾಠವಿದೆ.

ಇದನ್ನು ಸಹಾಬಿಗಳ ಪೀಳಿಗೆ ಹೇಗೆ ಪಾಲಿಸಿತೆಂಬುದಕ್ಕೆ ಹ. ಝುಬೈರ್ ಬಿನ್ ಅವ್ವಾಮ್‌ರ(ರ) ಕುಟುಂಬವೇ ಸಾಕ್ಷಿ. ಅವರು ಕ್ರಿ.ಶ. 656ರಲ್ಲಿ ಜಮಲ್ ಯುದ್ಧದ ವೇಳೆಯಲ್ಲಿ ನಿಧನರಾದರು. ಜನರು ಅವರ ಬಳಿ ಹಣವಿಡಲು ಬಂದರೆ, ಅದು ಕಳೆದುಹೋದೀತೆಂಬ ಭಯದಿಂದ ಅಮಾನತಾಗಿ ಪಡೆಯದೆ ಸಾಲವಾಗಿ ಪಡೆಯುತ್ತಿದ್ದರು. ಸಾಲವಾದರೆ ಕಳೆದುಹೋದರೂ ತೀರಿಸಲೇಬೇಕಲ್ಲವೇ? ಹೀಗೆ ಅವರ ಮೇಲೆ 22 ಲಕ್ಷದ ಸಾಲವಿತ್ತು. ನಗದು ಏನೂ ಇರಲಿಲ್ಲ, ಜಮೀನು ಮನೆಗಳಿದ್ದುವು. ತೀರಿಸುವ ಹೊಣೆ ಪುತ್ರ ಅಬ್ದುಲ್ಲಾ ಬಿನ್ ಝುಬೈರ್‌ರ(ರ) ಮೇಲೆ ಬಿತ್ತು.

ಮದೀನಾದ ಸಮೀಪದ ಗಾಬಃ ಎಂಬ ಜಮೀನನ್ನು ಝುಬೈರ್(ರ) 1,70,000ಕ್ಕೆ ಕೊಂಡಿದ್ದರು. ಅಬ್ದುಲ್ಲಾ(ರ) ಅದರ ಬೆಲೆಯನ್ನು 16 ಲಕ್ಷಕ್ಕೆ ಗೊತ್ತುಪಡಿಸಿ, ಬಾಕಿಯಿರುವವರು ಬರಲೆಂದು ಸಾರಿದರು. 4 ಲಕ್ಷ ಬರಬೇಕಾಗಿದ್ದ ಅಬ್ದುಲ್ಲಾ ಬಿನ್ ಜಅ್‌ಫರ್(ರ) ಬೇಕಾದರೆ ಬಿಟ್ಟುಕೊಡುತ್ತೇನೆಂದರು. ಬೇಡವೆಂದರು. ಹಾಗಾದರೆ ಕೊನೆಯಲ್ಲಿ ಕೊಡಿ ಎಂದರು. ಅದೂ ಬೇಡವೆಂದು ಜಮೀನಿನಲ್ಲೇ ಒಂದು ಭಾಗವನ್ನು ಗುರುತಿಸಿ ಕೊಟ್ಟರು. ಗೊತ್ತಿದ್ದ ಸಾಲಗಳೆಲ್ಲ ತೀರಿದುವು. ಇನ್ನಾದರೂ ನಮ್ಮ ಪಾಲನ್ನು ಹಂಚಿ ಎಂದು ಸಹೋದರರು ಒತ್ತಾಯಿಸಿದರು. ಅಬ್ದುಲ್ಲಾ(ರ) ಒಪ್ಪಲಿಲ್ಲ. 4 ವರ್ಷಗಳ ತನಕ ಪ್ರತಿ ಹಜ್ಜ್ ಕಾಲದಲ್ಲೂ, ಝುಬೈರ್‌ರಿಂದ(ರ) ಯಾರಿಗಾದರೂ ಬರಬೇಕಾದುದಿದ್ದರೆ ಬಂದು ಪಡೆಯಲೆಂದು ಕೂಗಿ ಹೇಳಿಸಿದರು. ಆ ನಂತರವೇ ಪಾಲು ಹಂಚಿದರು. ಇಮಾಮ್ ಬುಖಾರಿ ಇದನ್ನು ವಿವರವಾಗಿ ದಾಖಲಿಸಿರುವರು.

ಅವರು ಸಾಲ ಕೊಟ್ಟವರನ್ನು ಹುಡುಕಿಕೊಂಡು ಹೋದರು. ನಾವು ನೋಟೀಸು ಬರುವ ತನಕ ಕಾಯುತ್ತೇವೆ.

ಗಂಡ ಹೆಂಡಿರ ಹೊಣೆ

ವಕೀಲನ ತಪ್ಪು ದೊಡ್ಡದು, ನಿಜ. ಆದರೆ ಅದರ ಮರೆಯಲ್ಲಿ ಅಡಗಿಕೊಳ್ಳುವ ಮಾಜಿ ಪತಿಯೂ ಇದ್ದಾನೆ, ಮಾಜಿ ಪತ್ನಿಯೂ ಇದ್ದಾಳೆ. ಸಾಲ ತೀರಿಸದೆಯೇ ಹೆಚ್ಚಿನ ಪಾಲು ತನ್ನ ಖಾತೆಗೆ ಬಂದಿದೆಯೆಂದು ತಿಳಿದೂ ಒಬ್ಬನು ಸುಮ್ಮನಿದ್ದರೆ, ಅವನು ಉಣ್ಣುತ್ತಿರುವುದು ಇನ್ನೊಬ್ಬರ ಹಕ್ಕು. ಲೆಕ್ಕ ತಪ್ಪಿದ್ದು ವಕೀಲನಾದರೂ ಉಣ್ಣುತ್ತಿರುವವನು ತಾನು. ಸಾಲವು ಆಕೆಯ ಹೆಸರಿನಲ್ಲಿದೆ, ಬ್ಯಾಂಕು ಆಕೆಯನ್ನೇ ಹಿಡಿಯಲಿ ಎಂಬ ಯೋಚನೆ ಸತ್ಯವಿಶ್ವಾಸಿಗೆ ತಕ್ಕುದಲ್ಲ. ವಿಚ್ಛೇದನದ ಕುರಿತೇ ಮಾತನಾಡುತ್ತಾ ಅಲ್ಲಾಹನು ಸೂರಃ ಅಲ್ ಬಕರಃದ 237ನೇ ಸೂಕ್ತದಲ್ಲಿ, ಪರಸ್ಪರ ಔದಾರ್ಯವನ್ನು ಮರೆಯಬಾರದೆಂದು ಉಪದೇಶಿಸಿರುವನು. ಸಂಬಂಧ ಕಡಿದ ಮೇಲೂ ಮರೆಯಬಾರದ ಔದಾರ್ಯವಿದ್ದರೆ, ಬರೆದು ಸಹಿ ಹಾಕಿದ ಕರಾರನ್ನು ಮರೆಯಬಹುದೇ?

ಸಾಲ ಕೊಟ್ಟ ಅಣ್ಣನಿಗೂ ಒಂದು ಮಾತು. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಅವಕಾಶ ಕೊಡಬೇಕೆಂದೂ ಬಿಟ್ಟುಕೊಡುವುದು ಇನ್ನೂ ಉತ್ತಮವೆಂದೂ ಅದೇ ಅಧ್ಯಾಯದ 280ನೇ ಸೂಕ್ತ ಹೇಳುತ್ತದೆ. ತಂಗಿಯನ್ನು ಆಪಾದಿಸುವ ಮೊದಲು ಹಣ ಎಲ್ಲಿ ನಿಂತಿದೆಯೆಂದು ವಿಚಾರಿಸಲಿ.

ತೊಂದರೆಗೊಳಗಾದವರು ಏನು ಮಾಡಬೇಕು?

ಸಹನೆ ಎಂದರೆ ಅನ್ಯಾಯವನ್ನು ಸಹಿಸಿ ಸುಮ್ಮನೆ ಕೂರುವುದಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಆಜ್ಞಾಪಿಸುವ ಸೂಕ್ತವೇ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವಾಗಿದೆ (2:282). ಆದುದರಿಂದ ಮೊದಲ ಕೆಲಸ ಬರವಣಿಗೆ. ಮನೆ ಮಾರಾಟದ ಪೂರ್ಣ ಲೆಕ್ಕವನ್ನೂ, ಯಾವ ಸಾಲಕ್ಕೆ ಯಾವ ದಿನ ಎಷ್ಟು ಕಟ್ಟಲಾಯಿತೆಂಬುದನ್ನೂ ಸಾಲಿಸಿಟರ್‌ನಿಂದ ಲಿಖಿತವಾಗಿ ಕೇಳಬೇಕು. ಅವನ ಮಾತಿಗೇ ನಿಲ್ಲದೆ ಸಾಲ ಕೊಟ್ಟವರಿಂದಲೇ ಬಾಕಿಯಿಲ್ಲವೆಂಬ ಪತ್ರ ಪಡೆಯಬೇಕು.

ಕಕ್ಷಿದಾರರ ಹಣವನ್ನು ತನ್ನ ಹಣದೊಂದಿಗೆ ಬೆರೆಸಬಾರದು, ಯಾವ ಉದ್ದೇಶಕ್ಕಾಗಿ ಇದೆಯೋ ಅದಕ್ಕೇ ಬಳಸಬೇಕು, ಇಟ್ಟುಕೊಳ್ಳಲು ಸರಿಯಾದ ಕಾರಣವಿಲ್ಲದಾಗ ತಡಮಾಡದೆ ಹಿಂದಿರುಗಿಸಬೇಕು ಎಂಬುದು ಇಂಗ್ಲೆಂಡಿನ ಸಾಲಿಸಿಟರ್‌ಗಳ ಮೇಲೆ 2019ರ ಲೆಕ್ಕಪತ್ರ ನಿಯಮಗಳು ಹೊರಿಸಿರುವ ಕರ್ತವ್ಯ. ಅವನು ತಪ್ಪಿದರೆ ಮೊದಲು ಅವನ ಕಚೇರಿಗೇ ಲಿಖಿತ ದೂರು ಕೊಡಬೇಕು. 8 ವಾರಗಳೊಳಗೆ ಪರಿಹಾರ ಸಿಗದಿದ್ದರೆ ಲೀಗಲ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಅಲ್ಲಿ ಕಾಲಮಿತಿಯಿರುವುದರಿಂದ ವಿಳಂಬ ಮಾಡಬಾರದು. ಕಚೇರಿಯ ಅಂತಿಮ ಉತ್ತರ ಬಂದು 6 ತಿಂಗಳೊಳಗೆ, ಸಾಮಾನ್ಯವಾಗಿ ತಪ್ಪು ನಡೆದ ಅಥವಾ ಗೊತ್ತಾದ ಒಂದು ವರ್ಷದೊಳಗೆ ಹೋಗಬೇಕು. ಅಪ್ರಾಮಾಣಿಕತೆಯ ಸಂಶಯವಿದ್ದರೆ ಸಾಲಿಸಿಟರ್‌ಗಳ ನಿಯಂತ್ರಣ ಪ್ರಾಧಿಕಾರಕ್ಕೆ ತಿಳಿಸಬೇಕು. 2023ರ ಅಕ್ಟೋಬರ್‌ನಲ್ಲಿ ಆ ಪ್ರಾಧಿಕಾರವು ಒಂದು ದೊಡ್ಡ ಸಾಲಿಸಿಟರ್ ಸಂಸ್ಥೆಯನ್ನೇ ಮುಚ್ಚಿಸಿತು. ಅಲ್ಲಿ ಕಕ್ಷಿದಾರರ 6 ಕೋಟಿ ಪೌಂಡಿಗೂ ಮಿಕ್ಕಿದ ಹಣ ಕಾಣೆಯಾಗಿತ್ತು. ನಿಯಮಗಳ ಬೇಲಿ ಎಷ್ಟು ಎತ್ತರವಿದ್ದರೂ ಅಲ್ಲಾಹನ ಭಯವಿಲ್ಲದ ಮನಸ್ಸು ಅದನ್ನು ದಾಟಬಲ್ಲುದು.

ಸಾಲದ ಒತ್ತಡ ತಾಳಲಾಗದವರಿಗೆ ಅಲ್ಲಿ 2021ರ ಮೇ 4ರಿಂದ ಒಂದು ಸೌಕರ್ಯವಿದೆ. ಮಾನ್ಯತೆ ಪಡೆದ ಸಾಲ ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ 60 ದಿನಗಳ ತನಕ ಹೆಚ್ಚಿನ ಸಾಲಗಳ ವಸೂಲಿ ಕ್ರಮವನ್ನೂ ಬಡ್ಡಿಯನ್ನೂ ತಡೆಹಿಡಿಯಲಾಗುತ್ತದೆ. ಕಷ್ಟದಲ್ಲಿರುವವನಿಗೆ ಅವಕಾಶ ಕೊಡಿರೆಂಬ ಕುರ್‌ಆನಿನ ಆಜ್ಞೆಯ ಒಂದು ಸಣ್ಣ ಛಾಯೆ ಅಲ್ಲಿಯ ಕಾನೂನಿನಲ್ಲೂ ಕಾಣುತ್ತಿದೆ.

ಊರಿನಲ್ಲಿರುವ ನಾವು ಇದನ್ನು ದೂರದ ಕಥೆಯೆಂದು ಭಾವಿಸಬಾರದು. ತಲಾಕ್ ಅಥವಾ ಖುಲಾದ ನಂತರ ಜಾಗ ಮಾರಿ, ಸಹಕಾರಿ ಸಂಘದ ಸಾಲ ಕಟ್ಟಲೆಂದು ವಕೀಲರಿಗೋ, ಮಧ್ಯವರ್ತಿಗೋ, ಜಮಾಅತಿನ ಹಿರಿಯರಿಗೋ ಹಣ ಒಪ್ಪಿಸುವುದು ಇಲ್ಲಿಯೂ ಇದೆ. ವರ್ಷ ಕಳೆದ ಮೇಲೆ ಪಹಣಿಯ ಋಣದ ಕಾಲಂನಲ್ಲಿ ಆ ಸಾಲ ಹಾಗೆಯೇ ಕಾಣಿಸುವುದೂ ಇದೆ. ಒಪ್ಪಿಸಿದ ಮರುದಿನ ಕೇಳಿರಿ. ರಸೀದಿಯನ್ನು ಕಣ್ಣಾರೆ ನೋಡಿರಿ.

ನಮ್ಮ ಸಮುದಾಯದ ಯುವಕ ಯುವತಿಯರು ಇಂದು ವಕೀಲ ವೃತ್ತಿಗೆ ಬರುತ್ತಿರುವುದು ಸಂತೋಷದ ವಿಷಯ. ಅವರು ತಮ್ಮ ಕಪಾಟಿನಲ್ಲಿರುವ ಪ್ರತಿ ಕಡತವನ್ನೂ ಒಮ್ಮೆ ತೆರೆದು ನೋಡಲಿ. ಯಾರದೋ ಎರಡು ದೀನಾರ್ ಅದರೊಳಗೆ ಉಳಿದಿರಬಹುದು. ಆ ಎರಡು ದೀನಾರ್‌ಗಾಗಿ ಒಬ್ಬ ತಾಯಿ ನಿದ್ದೆಗೆಟ್ಟಿರಬಹುದು, ಅಥವಾ ಒಬ್ಬ ಮೃತನು ತನ್ನ ಕಬರಿನಲ್ಲಿ ಕಾಯುತ್ತಿರಬಹುದು. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ ಇನ್ನೊಬ್ಬರ ಸೊತ್ತನ್ನು ಉಂಡುದರಿಂದ ಪುಣ್ಯಗಳೆಲ್ಲ ಹಕ್ಕುದಾರರ ಪಾಲಾಗಿ ದಿವಾಳಿಯಾಗುವವನ ಕುರಿತು ಪ್ರವಾದಿವರ್ಯರು(ಸ) ಎಚ್ಚರಿಸಿರುವರು. ಆ ದಿನ ಕಡತವನ್ನು ಮುಂದೂಡಲು ಅವಕಾಶವಿರದು.

ಪಾಪದಿಂದಲೂ ಸಾಲದ ಭಾರದಿಂದಲೂ ಪ್ರವಾದಿವರ್ಯರು(ಸ) ನಮಾಝ್‌ನಲ್ಲಿ ಅಭಯ ಯಾಚಿಸುತ್ತಿದ್ದರು. ನಾವೂ ಅದನ್ನೇ ಯಾಚಿಸೋಣ. ನಮ್ಮ ಮೇಲಿರುವ ಹಕ್ಕುಗಳನ್ನು ಮರಣಕ್ಕೆ ಮೊದಲೇ ತೀರಿಸುವ ಸಾಮರ್ಥ್ಯವನ್ನೂ, ನಮ್ಮ ಕೈಗೆ ಬಂದ ಅಮಾನತುಗಳನ್ನು ಹಕ್ಕುದಾರರಿಗೆ ತಲುಪಿಸುವ ಪ್ರಾಮಾಣಿಕತೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.